ಮೂರು ಬೆರಳಿನ ಗುರುತು

ನಾನು ಬರೆದ ಆ ಚಿತ್ರ ಫೋನಿನಲ್ಲಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಅದರಿಂದ ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ. ಹಿಂದುಮುಂದು ಮಾಡಿದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ, ಅದು ನನಗೆ ಗೊತ್ತು.

ನನ್ನ ತಂದೆ, ನಾನು ಅಬ್ಬಾ ಎನ್ನುವವರು, ಶಿರಾದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರ ಮಳಿಗೆಯಲ್ಲೇ ನಾನು ಕಂಪ್ಯೂಟರಿನ ಮುಂದೆ ಕುಳಿತೆ. ನನ್ನ ಜೊತೆ ಪಾಲಿಟೆಕ್ನಿಕ್‌ನಲ್ಲಿ ಓದಿದ ಮಧುಗಿರಿಯ ಗೆಳೆಯ ಫೋನಿನಲ್ಲಿ ಆಡುವ ಸಣ್ಣ ಆಟವೊಂದನ್ನು ಒಬ್ಬನೇ ಕೂತು ಮಾಡಿದ್ದ. ಚದುರಿದ ಕುರಿಗಳನ್ನು ತೋಳ ಬರುವುದರೊಳಗೆ ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ದೊಡ್ಡಿಗೆ, ಸೇರಿಸಬೇಕು. ಪರದೆ ಒತ್ತಿದರೆ ಕುರಿ ಕಾಯುವವನು ಕೂಗುತ್ತಾನೆ, ಕುರಿಗಳು ಅವನ ಕಡೆ ಓಡುತ್ತವೆ. ಆಟ ಅಷ್ಟೇ. ಆ್ಯಪ್ ಸ್ಟೋರ್‌ನಲ್ಲಿ ಅದು ಜನರ ಕಣ್ಣಿಗೆ ಬೀಳಬೇಕಾದರೆ ಒಳ್ಳೆಯ ಐಕಾನ್, ಅಂದರೆ ಜನ ಒತ್ತುವ ಪುಟ್ಟ ಚಿತ್ರ, ಬೇಕು. ಅದು ನನ್ನ ಕೆಲಸ.

ಮೊದಲು ಬರೆದದ್ದರಲ್ಲಿ ಚನ್ನರಾಯನದುರ್ಗದ ಬೆಟ್ಟವಿತ್ತು, ಸಂಜೆಯ ಆಕಾಶವಿತ್ತು, ಇಡೀ ಮಂದೆಯಿತ್ತು, ಮೇಲೆ ಆಟದ ಹೆಸರಿತ್ತು. ತಂದೆ ಫೋನನ್ನು ತೋಳುದ್ದ ದೂರ ಹಿಡಿದು ನೋಡಿದರು.

"ಏನಮ್ಮಾ ಇದು, ಚಟ್ನಿನಾ?"

"ಕುರಿ ಮಂದೆ, ಅಬ್ಬಾ."

"ಓಡೋ ಬಸ್ಸಿಂದ ಓದಕ್ಕಾಗ್ದಿದ್ರೆ ಅದು ಬೋರ್ಡೇ ಅಲ್ಲ. ಒಂದೇ ಇಡು. ಸುತ್ತ ಖಾಲಿ ಬಿಡು."

ಒಂದೇ ಕುರಿ ಬರೆಯುವುದಾದರೆ ಕುರಿಯನ್ನು ಹತ್ತಿರದಿಂದ ನೋಡಬೇಕು. ಗೆಳೆಯನ ಬೈಕಿನಲ್ಲಿ ಹುಲಿಕುಂಟೆ ಕಡೆ ಹೋದೆವು. ರಸ್ತೆಯಿಂದ ಸ್ವಲ್ಪ ಒಳಗೆ ಹೊಂಗೆ ಮರದ ಕೆಳಗೆ ಒಬ್ಬ ಮುದುಕ ಮಂದೆ ಬಿಟ್ಟುಕೊಂಡು ಕೂತಿದ್ದ. ನಮ್ಮನ್ನು ಕಂಡ ಕೂಡಲೇ ಹೆಗಲ ಟವೆಲ್ ಎಳೆದು ಬಾಯಿ ಮುಚ್ಚಿಕೊಂಡ. ಕೂತು ಮಾತಾಡಿದ ಮೇಲೆ ಕಾರಣ ತಿಳಿಯಿತು. ಲಕ್ವ ಹೊಡೆದು ಅವನ ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಕುರಿ ಕೂಗುವಾಗ ಅದು ಇನ್ನೂ ಸೊಟ್ಟಗಾಗಿ ಒಂದು ಕಣ್ಣು ಮಾತ್ರ ದೊಡ್ಡದಾಗುತ್ತಿತ್ತು. ಆದರೆ ಆ ಕೂಗಿಗೆ ಅಷ್ಟು ದೂರದ ಕುರಿಗಳೆಲ್ಲ ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ಮುಂದಾಳು ಕುರಿಯೊಂದು ಓಡಿಬಂದರೆ ಉಳಿದವು ಅದರ ಹಿಂದೆ.

"ಅಜ್ಜ, ಟವೆಲ್ ಒಸಿ ಇಳ್ಸು. ಅವು ಹೆಂಗೆ ಬರ್ತವೆ ಅಂತ ಫೋಟೋ ಬೇಕು," ಎಂದೆ.

"ಮೂತಿ ಬರ್ತದೇನಮ್ಮ ಅದ್ರಾಗೆ?"

"ಇಲ್ಲ ಅಜ್ಜ. ಕುರಿ ಅಷ್ಟೇಯ."

ಆ ಹೊತ್ತಿಗೆ ಅದು ನಿಜವಾಗಿತ್ತು. ಅವನು ಟವೆಲ್ ಇಳಿಸಿ ಕೂಗಿದ. ಗೆಳೆಯ ಮುಖದ ಫೋಟೋವನ್ನೂ ತೆಗೆದ. ನಾನು ನೋಡಿದೆ, ಬೇಡ ಎನ್ನಲಿಲ್ಲ.

ಹೊರಡುವಾಗ ಮುದುಕ ಒಂದು ಮಾತು ಕೇಳಿದ. "ಬರಿಯೋದಾದ್ರೆ ನಮ್ ಗುರುತು ಹಾಕಿ ಬರಿಯಮ್ಮ. ಗುರುತಿಲ್ದಿದ್ರೆ ಅದು ಯಾರ್ ಕುರಿನೋ ಏನೋ." ಜಾಜು, ಅಂದರೆ ಕೆಂಪು ಮಣ್ಣು, ಕಲಸಿದ ಡಬ್ಬಿಗೆ ಮೂರು ಬೆರಳು ಅದ್ದಿ ಹತ್ತಿರದ ಕುರಿಯ ಬಲಪಕ್ಕೆಗೆ ಎಳೆದು ತೋರಿಸಿದ. ಮೂರು ಗೆರೆ, ನಡುವಿನದು ಉದ್ದ, ಮೇಲಿಂದ ಕೆಳಕ್ಕೆ ಓರೆ. ಆ ಕಡೆ ಒಂದೊಂದು ಮನೆಗೂ ಒಂದೊಂದು ಗುರುತು. ಇವರದು ಅವರಪ್ಪನ ಅಪ್ಪನ ಕಾಲದ್ದು. ಕುರಿ ತಪ್ಪಿಸಿಕೊಂಡು ಯಾರ ರೊಪ್ಪ ಸೇರಿದರೂ ಗುರುತು ನೋಡಿ ಅವರೇ ಹೊಡೆದುಕೊಂಡು ಬಂದು ಬಿಟ್ಟುಹೋಗುತ್ತಾರೆ.

ಒಂದೇ ಕುರಿಯ ಐಕಾನ್ ಹಾಕಿದೆವು. ತಂದೆ ಚೆನ್ನಾಗಿದೆ ಎಂದರು. ಸ್ಟೋರ್‌ನಲ್ಲಿ ಯಾರೂ ಅದನ್ನು ಒತ್ತಲಿಲ್ಲ.

"ಕುರಿ ನೋಡಿದ್ರೆ ಯಾರಿಗೇನಾಯ್ತದೆ ಹೇಳು," ಎಂದ ಗೆಳೆಯ. "ಮುಖ ಬೇಕು ಕಣಮ್ಮ. ಬಾಯಿ ಬುಟ್ಕಂಡಿರೋ ಮುಖ. ಜನ ಒತ್ತೋದು ಮುಖಾನೇ." ಫೋನ್ ತೆಗೆದು ಮುದುಕನ ಫೋಟೋ ತೋರಿಸಿದ. ಇಬ್ಬರೂ ನಕ್ಕೆವು. ನಕ್ಕದ್ದನ್ನೂ ಇಲ್ಲಿ ಬರೆಯಬೇಕು.

ನಾನು ಆ ಮುಖ ಬರೆದೆ. ವಯಸ್ಸು ತೆಗೆದೆ, ಮೂಗು ದಪ್ಪ ಮಾಡಿದೆ, ದೊಡ್ಡ ಮೀಸೆ ಇಟ್ಟೆ. ಸಣ್ಣ ಅಳತೆಯಲ್ಲಿ ಬಾಯಿಯ ಸೊಟ್ಟು ಸಾಲದು ಅನ್ನಿಸಿತು. ಬಾಯಿಯ ಮೂಲೆ ಹಿಡಿದು ಕಿವಿಯ ಕಡೆಗೆ ಇನ್ನಷ್ಟು ಎಳೆದೆ. ಇನ್ನು ಯಾರಿಗೂ ಗುರುತು ಸಿಗುವುದಿಲ್ಲ ಎಂದುಕೊಂಡೆ. ಹಿಂದೆ ಹಳದಿ ಬಯಲು, ಪಕ್ಕದಲ್ಲಿ ಒಂದು ಬಿಳಿ ಕುರಿ. ಬಿಳಿಯ ಮೇಲೆ ಕಣ್ಣು ನಿಲ್ಲಲು ಒಂದು ಕೆಂಪು ಬೇಕಿತ್ತು. ಮುದುಕ ಕೇಳಿದ್ದು ನೆನಪಾಯಿತು. ಮೂರು ಗೆರೆ ಎಳೆದೆ, ನಡುವಿನದು ಉದ್ದ. ಅವನ ಮಾತು ನಡೆಸಿಕೊಟ್ಟೆ ಎಂಬ ಸಮಾಧಾನವೂ ಆಯಿತು.

ಈ ಐಕಾನನ್ನು ಜನ ಒತ್ತಿದರು. ದಿನದಿನಕ್ಕೆ ಹೆಚ್ಚು ಜನ ಆಟ ಇಳಿಸಿಕೊಂಡರು.

ಸ್ಟೋರ್‌ಗೆ ಒಂದು ವಿಡಿಯೋ ಬೇಕೆಂದು ನಾವಿಬ್ಬರೂ ಶಿರಾದ ಕುರಿಸಂತೆಗೆ ಹೋದೆವು. ಮುದುಕ ತನ್ನ ಮಂದೆಯಲ್ಲಿ ಕೆಲವನ್ನು ಹೊಡೆದುಕೊಂಡು ಬಂದಿದ್ದ. ಅವನ ಸುತ್ತ ಏಳೆಂಟು ವ್ಯಾಪಾರಿಗಳಿದ್ದರು. ಒಬ್ಬನ ಕೈಯಲ್ಲಿ ಫೋನಿತ್ತು. ಅವನು ಪರದೆಯನ್ನು ಕುರಿಯ ಪಕ್ಕೆಗೆ ಹಿಡಿದು ಮೂರು ಗೆರೆಗಳನ್ನು ಹೋಲಿಸುತ್ತಿದ್ದ.

"ಲೇ, ಇವ್ನೇ ಕಣ್ಲಾ! ಗುರುತು ನೋಡ್ಲಾ, ಇವ್ರ ಮನೇದೇಯ!"

"ಟವೆಲ್ ತಗಿ ಅಜ್ಜ, ಮೂತಿ ತೋರ್ಸು. ಮೀಸೆ ಎಲ್ಲಿಟ್ಟು ಬಂದೆ?"

"ಕೇಳಿದ್ರೆ ಹೆಂಗ್ ಕೂಗ್ತಾನೆ? ಒತ್ಬೇಕು ಕಣ್ಲಾ, ಒತ್ಬೇಕು!"

ಹಾಗೆಂದವನು ಮುದುಕನ ಬೆನ್ನಿಗೆ ಹೆಬ್ಬೆರಳು ಇಟ್ಟು ಒತ್ತಿದ. ಇನ್ನೊಬ್ಬ ಹೆಗಲಿಗೆ ಒತ್ತಿದ. ಮತ್ತೊಬ್ಬ ಮುಂದೆ ಬಂದು ಕೆನ್ನೆಗೆ, ಟವೆಲ್ಲಿನ ಮೇಲೆಯೇ ಒತ್ತಿದ. ಮುದುಕ ಯಾರಿಗೂ ಬೈಯಲಿಲ್ಲ. ಎರಡೂ ಕೈಯಲ್ಲಿ ಟವೆಲ್ ಬಿಗಿಹಿಡಿದು ನಿಂತಿದ್ದ. ಅಷ್ಟರಲ್ಲಿ ಅವನ ಕುರಿಗಳು ಪಕ್ಕದವರ ಮಂದೆಯಲ್ಲಿ ಬೆರೆತವು. ಒಂದು ಸಲ ಕೂಗಿದ್ದರೆ ಸಾಕಿತ್ತು, ಅವು ಬರುತ್ತಿದ್ದವು. ಅವನು ಕೂಗಲಿಲ್ಲ. ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಹಿಂಗಾಲು ಹಿಡಿದು ಒಂದೊಂದನ್ನೇ ಎಳೆದು ತಂದ. ಜನ ಎರಡು ಸಾಲಾಗಿ ನಿಂತು, ಅವನು ಹೋಗುವಾಗಲೂ ಬರುವಾಗಲೂ ಹೆಬ್ಬೆರಳು ಚಾಚಿದರು.

ಗೆಳೆಯ ಅಷ್ಟನ್ನೂ ವಿಡಿಯೋ ಮಾಡಿದ. ನಾನು ಅವನ ಹಿಂದೆ ನಿಂತಿದ್ದೆ. ಮುದುಕ ಒಂದು ಸಲ ನಮ್ಮ ಕಡೆ ನೋಡಿದ. ನಾನು ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಧೂಳಿಗೋ, ಬೇರೆಯದಕ್ಕೋ, ಈಗಲೂ ಹೇಳಲಾರೆ.

ವಾಪಸ್ ಬರುವ ದಾರಿಯಲ್ಲಿ ಗೆಳೆಯನಿಗೆ ಐಕಾನ್ ತೆಗೆಯಲು ಹೇಳಿದೆ.

"ತೆಗುದ್ರೆ ಆಟ ಸತ್ತೋಯ್ತದೆ."

"ಅವ್ನು ಸಾಯ್ತಾನೆ ಕಣೋ."

"ಫೋಟೋ ನಾನ್ ತೆಗ್ದೆ, ಸರಿ. ಬಾಯಿ ಕಿವಿತಂಕ ಎಳ್ದೋರು ಯಾರು?"

ಸ್ಟೋರ್‌ನ ಖಾತೆ ಅವನದು. ಕೊನೆಗೆ ಅರ್ಧ ಒಪ್ಪಿದ. ಗುರುತು ಬೇಕಾದರೆ ಅಳಿಸು, ಮುಖ ಇರಲಿ ಎಂದ. ನಾನು ಕುರಿಯ ಪಕ್ಕೆಯ ಮೂರು ಗೆರೆ ಅಳಿಸಿ ಅಲ್ಲಿ ಒಂದು ಕೆಂಪು ಗಂಟೆ ಬರೆದು ಕಳಿಸಿದೆ. ಐಕಾನ್ ಮೊದಲಿನಷ್ಟೇ ಚೆನ್ನಾಗಿತ್ತು. ಜನ ಒತ್ತುವುದು ಕಡಿಮೆಯಾಗಲಿಲ್ಲ.

ಗುರುತು ಅಳಿಸಿದ್ದನ್ನು ಹೇಳಲು ಬಸ್ಸಿನಲ್ಲಿ ಹುಲಿಕುಂಟೆ ಕಡೆ ಹೋದೆ. ಮುದುಕ ರೊಪ್ಪದ ಬಾಗಿಲಲ್ಲಿ ಕೂತಿದ್ದ. ಕುರಿಗಳ ಉಣ್ಣೆಯನ್ನು ಕಾಲಕ್ಕೆ ಮುಂಚೆಯೇ ಕತ್ತರಿಸಿದ್ದರು. ಬೇಲಿಯ ಪಕ್ಕದ ರಾಶಿಯಲ್ಲಿ ಕೆಂಪು ಹತ್ತಿದ ಉಣ್ಣೆ ಬೇರೆಯಾಗಿ ಕಾಣುತ್ತಿತ್ತು. ಬೆತ್ತಲೆ ಪಕ್ಕೆಗಳ ಮೇಲೆ ಏನೂ ಇರಲಿಲ್ಲ.

"ಗುರುತು ನೋಡಿ ನಗ್ತಾರೆ ಅಂತ ಕತ್ತರ್ಸಿ ತೆಗ್ದೆ. ಎಲ್ಡು ಕುರಿ ತಪ್ಪಿಸ್ಕಂಡು ಆಚೆ ಊರಿನ್ ರೊಪ್ಪ ಸೇರ್ಕಂಡ್ವು," ಎಂದ ಟವೆಲ್ಲಿನ ಹಿಂದಿನಿಂದ. "ಕೇಳಾಕ್ ಹೋದ್ರೆ, ಗುರುತೆಲ್ಲೈತೆ ತೋರ್ಸು ಅಂದ್ರು. ಏನ್ ತೋರ್ಸನ?"

ನಾನು ಆ ಕೆಂಪು ಉಣ್ಣೆಯ ಕಡೆ ತಿರುಗಿದೆ. ಅವನೇ ಮತ್ತೆ ಕೇಳಿದ.

"ಮೂತಿ ತೆಗ್ದೇನಮ್ಮ ಅದ್ರಾಗಿಂದ?"

"ಇಲ್ಲ ಅಜ್ಜ. ಗುರುತು ಅಳಿಸ್ದೆ."

"ಕುರಿ ಅಷ್ಟೇಯ ಅಂದಿದ್ದೆ," ಎಂದ. ಬೈದಂತೆ ಅಲ್ಲ, ಸರಿಯಾಗಿ ನೆನಪಿದೆಯೇ ಎಂದು ಕೇಳುವಂತೆ.

"ಹೂಂ ಅಜ್ಜ. ಅಂದಿದ್ದೆ."

ಹೊತ್ತು ಇಳಿಯುತ್ತಿತ್ತು, ಹೊರಗಿದ್ದ ಕುರಿಗಳನ್ನು ಒಳಗೆ ಕರೆಯಬೇಕಿತ್ತು. ಅವನು ಎದ್ದು ನಿಂತ. ನಾನು ಇದ್ದೇನೆಂದು ಟವೆಲ್ ಇಳಿಸಲಿಲ್ಲ. ಬಟ್ಟೆಯೊಳಗಿಂದಲೇ ಕೂಗಿದ. ದನಿ ಹತ್ತು ಮಾರು ಹೋಗಲಿಲ್ಲ. ಮುಂದಾಳು ಕುರಿ ತಲೆ ಎತ್ತಿ ಕೆಲವು ಹೆಜ್ಜೆ ಬಂತು. ಮತ್ತೆ ಕೂಗಿದ. ಅದು ಅವನನ್ನು ನೋಡುತ್ತಾ ಅಲ್ಲೇ ನಿಂತಿತು, ಉಳಿದವು ಅದರ ಹಿಂದೆ ನಿಂತವು. ನಾನು ಅಲ್ಲಿಂದ ಹೋದರೆ ಟವೆಲ್ ಇಳಿಸುತ್ತಾನೆ ಎಂದು ಹೊಳೆಯಿತು. ರಸ್ತೆಯವರೆಗೆ ನಡೆದು, ಬಸ್ಸು ಬರುವ ತನಕ ಬೆನ್ನು ತಿರುಗಿಸಿ ನಿಂತು ಕಾದೆ. ಬಾಯಿ ಬಿಟ್ಟು ಕೂಗಿದ್ದರೆ ಅಲ್ಲಿಗೆ ಕೇಳಿಸುತ್ತಿತ್ತು. ಕೂಗು ಕೇಳಿಸಲಿಲ್ಲ.