ಬಚ್ಚಲೊಲೆಯ ಗೆಡ್ಡೆ, ಅತ್ತೆಯ ತುಪ್ಪ

ನನಗೆ ನನ್ನ ಅತ್ತೆಯನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ, ಆಡುವವರು ಆಡಲಿ. ಜಯಲಕ್ಷ್ಮಿಪುರಂನ ಆ ಮನೆಯಲ್ಲಿ ಅವರ ಮಡಿ ಅಡುಗೆಮನೆಯ ಹೊಸ್ತಿಲಾಚೆ ನಿಂತು ನಾನು ಸವೆಸಿದ ವರ್ಷಗಳನ್ನು ಯಾರು ವಾಪಸು ಕೊಡುತ್ತಾರೆ?

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು. ನಾನು ಬಿ.ಎ. ಪಾಸು ಮಾಡಿ ದೇವರಿಗೆ ಬತ್ತಿ ಹೊಸೆಯುತ್ತಿದ್ದೆ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ ಕೆಲಸ ಖಾಲಿ ಇತ್ತು. ಆ ಕೆಲಸ ಸಿಕ್ಕರೆ ದಿನಕ್ಕೆ ಆರು ಗಂಟೆಯಾದರೂ ಆ ಮನೆಯಿಂದ ಬಿಡುಗಡೆ. ಶಾಲೆಯ ಕಾರ್ಯದರ್ಶಿ ಖಾದಿಯುಟ್ಟ ಮುದುಕರು. ಮದುವೆಯಾದವಳಿಗೆ ಕೆಲಸ ಕೊಡುವ ಮುಂಚೆ ಅವಳ ಮನೆ ನೋಡಬೇಕೆಂಬುದು ಅವರ ನಿಯಮ. ಮೇಷ್ಟ್ರುಗಳ ಮನೆಯನ್ನೂ ನೋಡುತ್ತಿದ್ದರೇ? ಇಲ್ಲ. ಇನ್ನೊಂದು ನಿಯಮವೂ ಇತ್ತು: ಹಾಲು, ಮೊಸರು, ತುಪ್ಪ ಮುಟ್ಟುತ್ತಿರಲಿಲ್ಲ. ಕರುವಿನ ಪಾಲು ತನಗೆ ಬೇಡವಂತೆ. ಭಾನುವಾರ ಊಟಕ್ಕೆ ಬರುತ್ತೇನೆಂದು ಹೇಳಿಕಳಿಸಿದರು.

ಎಲೆ ಹಾಕುವ ಮುಂಚೆ ಹಜಾರದಲ್ಲಿ ಕೊಡಲು ಅಂದವಾದದ್ದೊಂದು ನಾನೇ ಮಾಡಬೇಕೆಂದು ಮಾರ್ಕೆಟ್ಟಿನಿಂದ ಬೀಟ್‌ರೂಟ್, ಕ್ಯಾರೆಟ್, ಗೆಣಸು ತಂದೆ. ಅತ್ತೆ ಬಾಗಿಲಲ್ಲೇ ತಡೆದರು.

“ಆ ರಕ್ತದ ಗೆಡ್ಡೆ ನನ್ನ ಒಲೆ ಹತ್ರ ತಂದ್ಯೋ, ನೋಡು! ಊಟಕ್ಕೆ ಮುಂಚೆ ಇನ್ನೊಂದು ಊಟ, ಯಾವ ಶಾಸ್ತ್ರ ಕಣೇ?”

ಸರಿ, ಬಚ್ಚಲೊಲೆ ಇತ್ತಲ್ಲ. ಎಲ್ಲರ ಸ್ನಾನ ಮುಗಿದ ಮೇಲೆ ಹಂಡೆಯಡಿಯ ಬಿಸಿಬೂದಿಯಲ್ಲಿ ಗೆಡ್ಡೆಗಳನ್ನು ಹೂತೆ. ಹೊಗೆಗೆ ಕಣ್ಣು ಉರಿಯುತ್ತಿತ್ತು, ಹೊಟ್ಟೆ ಅದಕ್ಕಿಂತ ಹೆಚ್ಚು. ಕರಿ ಸಿಪ್ಪೆ ಸುಲಿದರೆ ಒಳಗೆಲ್ಲ ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ತೆಳ್ಳಗೆ ಬಿಲ್ಲೆ ಕೊಯ್ದು, ಕೆಂಪು, ಕೇಸರಿ, ಬಿಳಿ ಸುತ್ತುಸುತ್ತಾಗಿ ಬೆಳ್ಳಿ ತಟ್ಟೆಯಲ್ಲಿ ಜೋಡಿಸಿದೆ. ಮೇಲೆ ಉಪ್ಪು, ನಿಂಬೆರಸ, ಹುರಿದ ಎಳ್ಳಿನ ಪುಡಿ, ನಾಲ್ಕು ಕೊತ್ತಂಬರಿ ಎಲೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ತಟ್ಟೆ ಒಂದೇ.

ಮುದುಕರು ಬಂದರು. ಹಜಾರದಲ್ಲಿ ನಮ್ಮ ಯಜಮಾನರು ಅವರ ಜೊತೆ ಕೂತರು. ನಾನು ನೀರು ತುಂಬಿಕೊಂಡು ಬರುವಷ್ಟರಲ್ಲಿ ಅತ್ತೆ ತಟ್ಟೆಯ ಮೇಲೆ ಬಗ್ಗಿದ್ದರು. ಮೈಲಿಗೆಯಾಗದಂತೆ ಒಂದು ಗೇಣು ಮೇಲಿಂದ, ಕಾಯಿಸಿದ ತುಪ್ಪ ಸುರಿಯುತ್ತಿದ್ದರು.

“ಅವರು ತುಪ್ಪ ಬಿಟ್ಟಿದಾರೆ ಅಂತ ಹೇಳಿರ್ಲಿಲ್ವಾ?”

“ಬಿಟ್ಟಿರೋದು ಅವರು, ನಾನಲ್ಲ. ಮೇಲೊಂದು ಮಿಳ್ಳೆ ತುಪ್ಪದ ಅಭಿಘಾರ ಇಲ್ದೆ ಅತಿಥಿಗೆ ಕೊಡಕ್ಕೆ ಇದೇನು ಸೂತಕದ ಮನೇನಾ?”

ಬೇಕೆಂದೇ ಮಾಡಿದರು. ಹಳೇಕಾಲದವರು, ಪದ್ಧತಿ ಬಿಡಲಾರದೆ ಮಾಡಿದ್ದು ಎಂದು ನನ್ನ ಮಗಳು ಈಗ ವಾದಿಸುತ್ತಾಳೆ. ಅವಳು ಆ ಮುಖ ನೋಡಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಬಂದು ತಟ್ಟೆ ಎತ್ತಿಕೊಂಡು ಹೋದರು. ನಾನು ಹಿಂದೆಯೇ ಓಡಿದೆ. ಬಾಗಿಲಲ್ಲಿ ನಿಂತು ‘ತಿನ್ನಬೇಡಿ’ ಎಂದಿದ್ದರೆ ಆಗುತ್ತಿತ್ತು. ಎಂದರೆ ಕೆಲಸ ಹೋಯಿತು, ಅತ್ತೆ ಗೆದ್ದರು. ಮುದುಕರು ಬೀಟ್‌ರೂಟಿನ ಬಿಲ್ಲೆ ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಎಣ್ಣೆ, ತುಪ್ಪ ಏನೂ ಇಲ್ದೆ ಇಷ್ಟು ರುಚಿ ಹೇಗಮ್ಮ ಬಂತು?”

“ಕೆಂಡದ ಬೂದಿಯಲ್ಲಿ ಸುಟ್ಟಿದ್ದು, ಸಾರ್,” ಎಂದೆ.

ಅವರ ನಾಲಿಗೆ ತುಪ್ಪವನ್ನು ಮರೆತಿತ್ತೋ, ನೆನಪಿದ್ದೂ ಸುಮ್ಮನಿತ್ತೋ, ತಟ್ಟೆ ಖಾಲಿಯಾಯಿತು. ಹೊರಡುವಾಗ ಯಜಮಾನರಿಗೆ, “ಇನ್ನೊಬ್ಬರ ವ್ರತ ಕಾಯೋ ಮನೆ ನಿಮ್ಮದು,” ಎಂದರು. ಅದೇ ವಾರ ಆರ್ಡರು ಬಂತು.

ಅತ್ತೆ ಈ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುವಾಗ, ದಿನಾ ತಪ್ಪದೆ ಒಳಗಿನಿಂದ ಕೂಗುತ್ತಿದ್ದರು: “ಅನ್ನಕ್ಕೆ ತುಪ್ಪ ಹಾಕ್ಕೊಂಡ್ಯೇನೇ?”

ಅಮ್ಮನಿಗೆ ನಿನ್ನ ಮೇಲೆ ಎಷ್ಟು ಅಕ್ಕರೆ ನೋಡು ಎನ್ನುತ್ತಿದ್ದರು ಯಜಮಾನರು.

“ಹಾಕ್ಕೊಂಡೆ, ಅತ್ತೆ,” ಎನ್ನುತ್ತಿದ್ದೆ. ಅವರು ಹೋಗುವವರೆಗೂ, ಹನ್ನೊಂದು ವರ್ಷ.