ಮಂಜಣ್ಣ ಬಿಚ್ಚಿಟ್ಟ ದೀಪ

ಎದುರುಮನೆಯ ಲೆಕ್ಚರರು ತಮ್ಮ ಬೈಕಿಗೆ ಹೊಸ ದೀಪ ಹಾಕಿಸಿದ್ದಾರೆ. ಸಂಜೆ ಅವರು ಗೇಟಿನ ಹತ್ತಿರ ಗಾಡಿ ತಿರುಗಿಸುವಾಗ ಆ ಬೆಳ್ಳನೆಯ ಬೆಳಕು ನನ್ನ ಅಡುಗೆಮನೆಯ ಕಿಟಕಿಯಿಂದ ಒಳನುಗ್ಗಿ, ಉಪ್ಪಿನ ಡಬ್ಬಿಯ ನೆರಳನ್ನು ಗೋಡೆಯ ಮೇಲೆ ಗೋಪುರದಷ್ಟು ದೊಡ್ಡದು ಮಾಡಿ ಹೊರಟುಹೋಗುತ್ತದೆ. ಮೊನ್ನೆ ಹಾಗೆ ಬೆಳಕು ಹೊಡೆದಾಗ ಒಗ್ಗರಣೆ ಸೌಟು ಹಿಡಿದಿದ್ದವಳು ಕಣ್ಣು ಮುಚ್ಚಿ ನಿಂತುಬಿಟ್ಟೆ. ಸಾಸಿವೆ ಸೀದುಹೋಯಿತು. ಈ ವಯಸ್ಸಿನಲ್ಲಿ ಕಣ್ಣು ಮುಚ್ಚಿದರೆ ಸಾಕು, ಯಾರಾದರೊಬ್ಬರು ಬಂದು ಎದುರು ನಿಲ್ಲುತ್ತಾರೆ. ಅವತ್ತು ಬಂದವರು ಹೊಸನಗರದ ಮಂಜಣ್ಣ.

ಅರವತ್ತರ ದಶಕದ ನಡುವಿನ ಮಾತು. ನಾನು ಸಾಗರದವಳು, ಹೊಸನಗರದ ಪ್ರೈಮರಿ ಶಾಲೆಗೆ ಟೀಚರಾಗಿ ಹೋಗಿದ್ದೆ. ಬಾಡಿಗೆಗೆ ಕೋಣೆ ಸಿಕ್ಕಿದ್ದು ಮಂಜಣ್ಣನ ಮನೆಯಲ್ಲಿ. ಮಂಜಣ್ಣ ಪೇಟೆಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಹುಬ್ಬಿನ ಮೇಲೆ ಸದಾ ಅಕ್ಕಿಹಿಟ್ಟು ಕೂತಿರುತ್ತಿದ್ದುದರಿಂದ ನಾನು ಮೊದಲ ವಾರ ಅವರನ್ನು ಮುದುಕರೆಂದೇ ತಿಳಿದಿದ್ದೆ. ಭಾನುವಾರ ತಲೆಗೆ ಸ್ನಾನ ಮಾಡಿ ಬಂದಾಗ ಮೂವತ್ತೈದರ ಗಂಡಸು ಕಂಡು, ಮನೆಗೆ ನೆಂಟರು ಬಂದಿದ್ದಾರೆಂದು ಒಳಗೆ ಓಡಿಹೋಗಿ ಹೇಳಿದ್ದೆ. ಅದನ್ನು ಅವರ ಹೆಂಡತಿ ಗಿರಿಜಕ್ಕ ಎಷ್ಟು ಜನರಿಗೆ ಹೇಳಿ ನಕ್ಕರೋ!

ಗಿರಿಜಕ್ಕ ಸರ್ಕಾರಿ ಹೆರಿಗೆ ನರ್ಸು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರೊಬ್ಬರೇ ನರ್ಸಮ್ಮ. ಮಕ್ಕಳು ಹಗಲು ನೋಡಿಕೊಂಡು ಹುಟ್ಟುವುದಿಲ್ಲವಲ್ಲ. ಕತ್ತಲಾದ ಮೇಲೆ ಯಾರಾದರೂ ಉರಿಯುವ ಸೂಡಿ ಬೀಸಿಕೊಂಡು ಬಂದು ಬಾಗಿಲಲ್ಲಿ ನಿಂತರೆ, ಅಕ್ಕ ಚೀಲ ಹಿಡಿದು ಹೊರಬರುವಷ್ಟರಲ್ಲಿ ಮಂಜಣ್ಣ ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆದಿರುತ್ತಿದ್ದರು. ಅದು ಮಿಲಿಟರಿಯವರು ಬಳಸಿ ಬಿಟ್ಟ ಹಳೆಯ ಗಾಡಿ. ಇಂಜಿನ್ನು ಆನೆಯಂಥದು, ದೀಪ ಮಾತ್ರ ಮಿಂಚುಹುಳದ್ದು. ಏರಿನಲ್ಲಿ ನಿಧಾನವಾದರೆ ಅದೂ ಮಂಕಾಗುತ್ತಿತ್ತು; ಜೋರಾಗಿ ಹೋದರಷ್ಟೇ ಸ್ವಲ್ಪ ಉರಿಯುತ್ತಿತ್ತು.

"ನೋಡ್ಬೇಕಂದ್ರೆ ಓಡಿಸ್ಬೇಕು, ಓಡಿಸ್ಬೇಕಂದ್ರೆ ನೋಡ್ಬೇಕು. ಇದು ಯಾವ ನ್ಯಾಯ ಹೇಳಿ ಟೀಚರ್ರೇ?" ಎಂದು ಮಂಜಣ್ಣ ನನ್ನನ್ನು ಕೇಳುತ್ತಿದ್ದರು. ಐದನೆಯ ಕ್ಲಾಸಿಗೆ ವಿಜ್ಞಾನ ಹೇಳುವವಳೆಂಬ ಮರ್ಯಾದೆಗೆ ನಾನು ಗಂಭೀರವಾಗಿ ತಲೆ ಆಡಿಸುತ್ತಿದ್ದೆ.

ಒಂದು ರಾತ್ರಿ ಗಂಡ ಹೆಂಡತಿ ಇಬ್ಬರೂ ಗಾಡಿಸಮೇತ ಯಾರದೋ ಗದ್ದೆಗೆ ಇಳಿದು, ಕುತ್ತಿಗೆಯವರೆಗೆ ಕೆಸರಾಗಿ ಮನೆಗೆ ಬಂದರು. ಅಕ್ಕ ನಗುತ್ತಲೇ ಸೀರೆ ಹಿಂಡಿದರು. ಮಂಜಣ್ಣ ನಗಲಿಲ್ಲ. ಆ ವಾರವೇ ಸಾಗರಕ್ಕೆ ಹೋದರು. ಕಾರ್ಗಲ್ ಕಡೆ ಅಣೆಕಟ್ಟಿನ ದೊಡ್ಡ ಕೆಲಸ ಮುಗಿದು, ಅಲ್ಲಿ ಓಡಾಡಿ ಸವೆದ ಜೀಪುಗಳ ಬಿಡಿಭಾಗಗಳು ಸಾಗರದ ಗ್ಯಾರೇಜುಗಳಿಗೆ ಬರುತ್ತಿದ್ದ ಕಾಲ. ಊಟದ ತಟ್ಟೆಯಷ್ಟು ಅಗಲದ ಒಂದು ಜೀಪಿನ ದೀಪವನ್ನು ಮಗುವಿನಂತೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಗಾಡಿಯ ಡೈನಮೊ ಅದನ್ನು ಉರಿಸಲಾರದೆಂದು ಬೇರೆಯೇ ಒಂದು ಬ್ಯಾಟರಿ ತಂದು, ಮರದ ಪೆಟ್ಟಿಗೆಯಲ್ಲಿಟ್ಟು ಪಕ್ಕಕ್ಕೆ ಬಿಗಿದರು. ಹಗಲೆಲ್ಲ ಮಿಲ್ಲಿನ ಇಂಜಿನ್ನಿಗೆ ಬೆಲ್ಟು ಹಾಕಿ ಅದನ್ನು ಚಾರ್ಜು ಮಾಡುವುದು. ಜನರ ರಾಗಿಯ ಜೊತೆಗೆ ಹೆಂಡತಿಯ ದಾರಿಯ ಬೆಳಕೂ ಅಲ್ಲೇ ತಯಾರಾಗುತ್ತಿತ್ತು.

ದೀಪ ಹಾಕಿದ ಸಂಜೆ ನನ್ನನ್ನೂ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋದರು. ಹೋಗುವಾಗ ಭಯದಿಂದ ನಾನು ಕೂಗಿಕೊಂಡೆನಂತೆ. ಹಾಡುತ್ತಿದ್ದೇನೆಂದು ತಿಳಿದು ಮಂಜಣ್ಣ ಇನ್ನೂ ಜೋರಾಗಿ ಓಡಿಸಿದರು. ಆದರೆ ಏನು ಬೆಳಕು ಅಂತೀರಿ! ರಸ್ತೆಯ ಕೊನೆಯ ತಿರುವಿನ ಮರದ ಎಲೆಗಳನ್ನು ಒಂದೊಂದಾಗಿ ನೋಡಬಹುದಿತ್ತು. ಆಮೇಲೆ ಅಕ್ಕ ಹತ್ತಿದರು. ತಿರುಗಿ ಬಂದು ಇಳಿದವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಇಷ್ಟು ದಿನ ನಂಗೆ ನಿಮ್ಮ ಬೆನ್ನು ಮಾತ್ರ ಕಾಣ್ತಿತ್ತು ಕಣ್ರೀ. ಇವತ್ತು ದಾರಿ ಕಾಣ್ತು."

ಮಂಜಣ್ಣ ನಾಚಿಕೊಂಡು ಇಂಜಿನ್ನು ಒರೆಸಿದರು.

ಕೆಲವು ತಿಂಗಳು ಹೀಗೇ ನಡೆಯಿತು. ಒಂದು ಮುಚ್ಚಂಜೆ ಅವರಿಬ್ಬರೂ ಬಾಣಂತಿಯೊಬ್ಬಳನ್ನು ನೋಡಲು ತೀರ್ಥಹಳ್ಳಿ ರಸ್ತೆಯಲ್ಲಿ ಹೊರಟಿದ್ದರು. ಎದುರಿನಿಂದ ದೀಪವಿಲ್ಲದ ಸೈಕಲ್ಲೊಂದು ಇಳಿಜಾರಿನಲ್ಲಿ ಬರುತ್ತಿತ್ತು. ಜೀಪಿನ ದೀಪ ನೇರ ಮುಖಕ್ಕೆ ಹೊಡೆದಿರಬೇಕು. ಸವಾರ ಒಂದು ಕೈ ಕಣ್ಣಿಗೆ ಅಡ್ಡ ಹಿಡಿದ, ಸೈಕಲ್ಲು ಓಲಾಡಿತು, ಮೋರಿಕಟ್ಟೆ ದಾಟಿ ಕೆಳಗೆ ಬಿದ್ದ. ಮಂಜಣ್ಣ ಗಾಡಿ ನಿಲ್ಲಿಸಿ ಓಡಿದರು. ಬಿದ್ದವನು ತಿಮ್ಮಪ್ಪ, ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರ. ಕಾಲಿನ ಮೂಳೆ ಮುರಿದಿತ್ತು. ಅಕ್ಕ ಕೊಡೆಯನ್ನೇ ದಬ್ಬೆಯ ಹಾಗೆ ಇಟ್ಟು, ಬಟ್ಟೆ ಹರಿದು ಕಾಲಿಗೆ ಕಟ್ಟುತ್ತಿದ್ದರೆ ಅವನು ಅವರ ಕೈ ಹಿಡಿದುಕೊಂಡನಂತೆ.

"ನಿಮ್ಮನ್ನ ಕರ್ಯಕ್ಕೇ ಬರ್ತಿದ್ದೆ ನರ್ಸಮ್ಮ. ಅವ್ಳಿಗೆ ಬೆಳಗಿಂದ ನೋವು. ನನ್ನ ಇಲ್ಲೇ ಬಿಡಿ, ನೀವು ಮನೆಗೆ ಹೋಗಿ."

ಮಂಜಣ್ಣ ಅಕ್ಕನನ್ನು ಅವನ ಮನೆಗೆ ಬಿಟ್ಟು, ಅಲ್ಲಿಂದಲೇ ಜನರನ್ನೂ ಎತ್ತಿನಗಾಡಿಯನ್ನೂ ಕರೆದುಕೊಂಡು ಮೋರಿಯ ಹತ್ತಿರ ವಾಪಸು ಬಂದರು. ಅತ್ತ ಮನೆಯೊಳಗೆ ತಿಮ್ಮಪ್ಪನ ಹೆಂಡತಿಗೆ ರಕ್ತ ನಿಲ್ಲದೆ ಹೋಗುತ್ತಿತ್ತು. ಅಕ್ಕ ಹೋದದ್ದರಿಂದ ತಾಯಿ ಉಳಿದಳು, ಹೆಣ್ಣುಮಗುವೂ ಉಳಿಯಿತು. ತಿಮ್ಮಪ್ಪನ ಕಾಲು ಮಾತ್ರ ಸೊಟ್ಟಗೆ ಕೂಡಿಕೊಂಡಿತು. ಮತ್ತೆ ಅವನು ಮರ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಮಂಜಣ್ಣ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ದೀಪ ಬಿಚ್ಚುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ದೀಪ ಗೋಣಿಚೀಲದೊಳಗೆ ಸೇರಿ ಮಿಲ್ಲಿನ ಅಟ್ಟಕ್ಕೆ ಹೋಯಿತು. ಆಮೇಲೆ ಮಂಜಣ್ಣ ಕತ್ತಲಾದ ಮೇಲೆ ಗಾಡಿ ಹೊರಗೆ ತೆಗೆಯಲೇ ಇಲ್ಲ. ಕರೆ ಬಂದರೆ ಎತ್ತಿನಗಾಡಿ ಗೊತ್ತುಮಾಡಿ ಅಕ್ಕನನ್ನು ಹತ್ತಿಸಿ, ಅದು ತಿರುವು ದಾಟುವವರೆಗೆ ರಸ್ತೆಯಲ್ಲಿ ನಿಂತಿರುತ್ತಿದ್ದರು.

ಮುಂದಿನ ಸುಗ್ಗಿಯಲ್ಲಿ ತಿಮ್ಮಪ್ಪ ಕೋಲೂರಿಕೊಂಡು ಬಂದ. ಹೆಂಡತಿಯೂ ಮಗುವೂ ಜೊತೆಯಲ್ಲಿದ್ದರು.

"ದೀಪ ತೆಗೆದ್ರಂತೆ ಹೌದಾ?"

"ಹೌದು ಮಾರಾಯ."

"ಎಂತಕ್ಕೆ ಅಂತ? ನನ್ನ ಕಣ್ಣಿಗೆ ಹೊಡೆದಿದ್ದು ಹೌದು. ಹಂಗಂತ ನರ್ಸಮ್ಮ ಎತ್ತಿನಗಾಡಿ ಕಟ್ಕಂಡು ಬಂದಿದ್ರೆ ಇವ್ಳು ಇರ್ತಿದ್ಲಾ? ಹಾಕಿ ಮಂಜಣ್ಣ. ನಾನು ಹೇಳ್ತಿದ್ದೀನಲ್ಲ."

ಮಂಜಣ್ಣ ಮಗುವಿನ ಕೈಗೆ ಬೆಲ್ಲದ ಚೂರು ಕೊಟ್ಟು, "ಬಿಸಿಲು ಏರ್ತದೆ, ನಿಧಾನ ಹೋಗಿ" ಎಂದರು, ಅಷ್ಟೆ. ಬೆಳಕು ನೇರವಾಗಿ ಚಲಿಸುತ್ತದೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ನಾನೂ ಮಗುವಿನ ಕೆನ್ನೆ ತಟ್ಟಿ ಒಳಗೆ ಹೋದೆ.

ಆ ಮಳೆಗಾಲದಲ್ಲಿ ದೂರದ ಹಳ್ಳಿಯೊಂದರಿಂದ ಕರೆ ಬಂತು. ಅಕ್ಕ ಎತ್ತಿನಗಾಡಿಯಲ್ಲಿ ಹೋಗಿ ಮುಟ್ಟುವಾಗ ಬೆಳಗಾಗಿತ್ತು. ಚೊಚ್ಚಲು ಹೆರಿಗೆಯ ಹುಡುಗಿ ಆಗಲೇ ತೀರಿಕೊಂಡಿದ್ದಳು. ಮನೆಗೆ ಬಂದ ಅಕ್ಕ ಚೀಲವನ್ನು ಗೂಟಕ್ಕೆ ತಗುಲಿಸಿ ಸ್ನಾನಕ್ಕೆ ಹೋದರು. ಮಂಜಣ್ಣ ಅಂದು ಮಿಲ್ಲು ತೆರೆಯಲಿಲ್ಲ. ಆ ಮನೆಯಲ್ಲಿ ಜಗಳವಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಗಲಿಲ್ಲ. ಊಟಕ್ಕೆ ಕೂತಾಗ "ಸಾರು ಹಾಕ್ಲಾ?" "ಸಾಕು" ಎಂಬಷ್ಟೇ ಮಾತು. ಸ್ವಲ್ಪ ದಿನಕ್ಕೆ ಮಂಜಣ್ಣ ಗಾಡಿ ಮಾರಿದರು. ನನಗೆ ಸಾಗರಕ್ಕೆ ವರ್ಗವಾಯಿತು, ಅವರು ತೀರ್ಥಹಳ್ಳಿಗೆ ಹೋದರು. ಮಂಜಣ್ಣ ತೀರಿಕೊಂಡೂ ಬಹಳ ವರ್ಷಗಳಾದವು.

ಸಾಸಿವೆ ಸೀದ ಆ ವಾರ ನಾನು ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದೆ. ಗಿರಿಜಕ್ಕನ ಬೆನ್ನು ಬಾಗಿದೆ, ಕಿವಿ ಸ್ವಲ್ಪ ಮಂದ. ಬಾಯಿ ಚುರುಕಾಗಿಯೇ ಇದೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ, ದೀಪದ ಮಾತು ನಾನೇ ತೆಗೆದೆ. ಅಕ್ಕ ಲೋಟ ಕೆಳಗಿಟ್ಟರು.

"ಇಲ್ಲಿಗೆ ಬಂದ್ಮೇಲೆ ಒಂದ್ಸಲ ಬಸ್ಸಲ್ಲಿ ಡ್ರೈವರ್ ಪಕ್ಕದ ಸೀಟಲ್ಲಿ ಕೂತಿದ್ದೆ. ಎದುರಿಗೆ ಗಾಡಿ ಬಂದಾಗೆಲ್ಲ ದೀಪ ಬಗ್ಗಿಸ್ತಿದ್ದ. ಹೌದಲ್ಲ ಮಾರಾಯ್ತಿ, ನಮ್ಮದನ್ನೂ ಒಂಚೂರು ನೆಲಕ್ಕೆ ಬಗ್ಗಿಸಿ ಕಟ್ಟಿದ್ರೆ ಆಗ್ತಿತ್ತಲ್ಲ ಅನ್ನಿಸ್ತು. ಮನೆಗೆ ಬಂದು ಇವ್ರಿಗೆ ಹೇಳ್ದೆ."

"ಏನಂದ್ರು?"

"ಗೊತ್ತಿತ್ತು ಅಂದ್ರು. ಬಿಚ್ಚೋವಾಗ್ಲೇ ಗೊತ್ತಿತ್ತಂತೆ. ಮತ್ತೆಂತಕ್ಕೆ ಬಗ್ಗಿಸ್ಲಿಲ್ಲ ಅಂದೆ. ಕೈ ಬರ್ಲಿಲ್ಲ ಗಿರಿಜಾ, ನೀನು ಒಂದ್ಸಲ ಹಾಕಿ ಅಂದಿದ್ರೆ ಹಾಕ್ತಿದ್ದೆ, ನೀನು ಕೇಳ್ತೀಯ ಅಂತ ಕಾದೆ ಅಂದ್ರು." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವ್ರಿಗೆ ಇನ್ನೂ ನೋವಾಗ್ತದೆ ಅಂತ ನಾನು ಕೇಳಿರ್ಲಿಲ್ಲ. ಕೇಳ್ಬೇಕಿತ್ತು. ಆ ಮಳೆಗಾಲದಲ್ಲಿ ಹೆರಿಗೇಲಿ ಹೋದ ಹುಡುಗಿ ಹೆಸರು ಲಲಿತ. ಇವತ್ತಿದ್ದಿದ್ರೆ ಮೊಮ್ಮಕ್ಕಳನ್ನ ನೋಡ್ತಿದ್ಲು."

ಬೀದಿಯಲ್ಲಿ ಮನೆಗೆ ಹೋಗುವವರ ಸದ್ದು ಹೆಚ್ಚಾಗುತ್ತಿತ್ತು. ಸಾಗರಕ್ಕೆ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಯಾರಿಗೂ ಭಾರವಾಗಬಾರದೆಂದು, ಎಲ್ಲಿಗೆ ಹೋದರೂ ಕತ್ತಲಾಗುವ ಮೊದಲು ಎದ್ದು ಹೊರಡುವ ಹೆಂಗಸು ನಾನು. ಇದ್ದುಬಿಡಿ ಎಂದು ಅವರೇ ಹೇಳಲಿ ಎಂದು ಒಳಗೊಳಗೇ ಕಾಯುವವಳೂ ಹೌದು. ಚಪ್ಪಲಿ ಹುಡುಕುತ್ತಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

"ಅಕ್ಕ, ಇವತ್ತು ನಾನು ಇಲ್ಲೇ ಇರ್ಲಾ?"

ಅವರಿಗೆ ಕೇಳಿಸಲಿಲ್ಲ. ಹತ್ತಿರ ಸರಿದು, ಕಿವಿಯ ಬಳಿ ಬಾಗಿ, ಗಟ್ಟಿಯಾಗಿ ಇನ್ನೊಮ್ಮೆ ಕೇಳಿದೆ.