ಮಿಲಿಟ್ರಿ ಮಾವನ ಮೇಲೆ ಬರೆದ ಅರ್ಜಿ

ಈ ಚಳಿಗಾಲದಲ್ಲಿ ಒಂದು ದಿನ ಕನಕಪುರದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಎಲೆಅಡಿಕೆ ಚೀಲದಿಂದ ಪುಟ್ಟ ಸೀಸೆ ತೆಗೆದು ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳತೊಡಗಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮಿಲಿಟ್ರಿ ಮಾವ ನೆನಪಾದರು. ಚಳಿ ಶುರುವಾದರೆ ಅವರು ತಮ್ಮ ಮೊಂಡು ಬೆರಳುಗಳಿಗೆ ಇದನ್ನೇ ಹಚ್ಚುತ್ತಿದ್ದರು. ನಾನು ನಿವೃತ್ತ ಟೀಚರ್, ಮೊಮ್ಮಕ್ಕಳನ್ನು ಕಂಡವಳು. ಬಸ್ಸಿನಲ್ಲಿ ಅಷ್ಟು ಜನರ ನಡುವೆ ಅಳಬಾರದೆಂದು ಕಿಟಕಿಯ ಕಡೆ ತಿರುಗಿ ಕೂತೆ.

ಅವರು ನಮಗೆ ನೆಂಟರಲ್ಲ, ಪಕ್ಕದ ಮನೆಯವರು. ಕೂಟಗಲ್ ಕಡೆಯ ನಮ್ಮ ಊರಿಗೆ ಅವರು ಬಂದದ್ದು ಸೈನ್ಯದಿಂದ ವಾಪಸಾದ ಮೇಲೆ, ಮಾಜಿ ಸೈನಿಕರೆಂದು ಸರ್ಕಾರ ಕೊಟ್ಟ ಎರಡು ಎಕರೆ ಉಳುವುದಕ್ಕೆ. ಊರಿಗೆಲ್ಲ ಅವರದೊಂದೇ ಕ್ರೈಸ್ತರ ಮನೆ. ಭಾನುವಾರ ಮೊದಲ ಬಸ್ಸಿಗೆ ಹೆಂಡತಿ, ಮಗಳನ್ನು ಕರೆದುಕೊಂಡು ಚರ್ಚಿನ ಬಲಿಪೂಜೆಗೆ ಹೊರಡುವರು. ಬಸ್ಸು ಬಾರದಿದ್ದರೆ ನಡೆದೇ ಹೋಗುವರು. ಸಂಜೆಯಾದರೆ ಮೂವರೂ ಮೊಣಕಾಲೂರಿ ಜಪಸರ ಹಿಡಿದು ಪ್ರಾರ್ಥನೆ ಹೇಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. "ಮಿಲಿಟ್ರಿ ಮನೇಲಿ ಮಣಮಣ ಸುರುವಾಯ್ತು, ದೀಪ ಅಚ್ರೇ" ಅನ್ನುವಳು ನಮ್ಮಜ್ಜಿ. ನಮ್ಮ ಮನೆಗೆ ಅದೇ ಗಡಿಯಾರ.

ದೇವರಂಥ ಮನುಷ್ಯ ಎಂದು ಹೇಳಿ ಕೈತೊಳೆದುಕೊಳ್ಳಲಾರೆ. ಮುಂಗೋಪಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಲವತ್ತು ದಿನ ಬೀಡಿ ಬಿಡುತ್ತಿದ್ದರು, ಆ ನಲವತ್ತು ದಿನವೂ ಮನೆಯವರ ಮೇಲೆಲ್ಲ ಹರಿಹಾಯುತ್ತಿದ್ದರು. ಅತ್ತೆ, ಅಂದರೆ ಅವರ ಹೆಂಡತಿ, "ಬೀಡಿ ಸೇದುದ್ರೇ ವಾಸಿ, ದೇವ್ರಿಗೂ ಒಸಿ ನೆಮ್ದಿ" ಎಂದು ನಗುವರು. ಆಗ ಅವರೂ ನಗುವರು.

ಹಿಮದ ಗಡಿಯಲ್ಲಿ ಅವರ ಬಲಗೈಯ ಮೂರು ಬೆರಳು ಕೊಳೆತು, ಕತ್ತರಿಸಿ ತೆಗೆದಿದ್ದರು. ನೇಗಿಲು ಹಿಡಿಯುತ್ತಿದ್ದರು, ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಹೀಗಾಗಿ ಅವರ ಕಾಗದಗಳನ್ನೆಲ್ಲ ಬರೆಯುತ್ತಿದ್ದವಳು ನಾನು. ಪೆನ್ಷನ್ನಿನ ಅರ್ಜಿ, ಆಮೇಲೆ ಹಾಸ್ಟೆಲು ಸೇರಿದ ಮಗಳಿಗೆ ಬುದ್ಧಿಮಾತು, ಜೊತೆಗಿದ್ದ ಪಂಜಾಬಿನ ಸಿಪಾಯಿಗೆ ಕ್ರಿಸ್‌ಮಸ್ ಕಾಗದ. ಏಳನೇ ಕ್ಲಾಸು ಮುಗಿದಾಗ ಅಪ್ಪ ನನ್ನ ಓದು ಬಿಡಿಸಿದ. ಮಾವ ನಮ್ಮ ಜಗಲಿಗೆ ಬಂದು ಕೂತರು.

"ಗೌಡ್ರೆ, ಈ ಮಗ ಸ್ಕೂಲು ಬುಟ್ರೆ ನನ್ ಪೆನ್ಷನ್ ಕಾಗ್ದ ಬರೆಯೋರ್ಯಾರು? ನೀವು ಬರೀತೀರಾ?"

ಹೆಬ್ಬೆಟ್ಟಿನ ನಮ್ಮಪ್ಪ ಜೋರಾಗಿ ನಕ್ಕುಬಿಟ್ಟ. ಆ ನಗುವಿನಲ್ಲೇ ನನ್ನ ಹೈಸ್ಕೂಲು ಆಯಿತು.

ನಾನು ಪಿಯುಸಿ ಮುಗಿಸಿದ ವರ್ಷ ಅತ್ತೆ ಜ್ವರದಲ್ಲಿ ಹೋಗಿಬಿಟ್ಟರು. ಹೊಲದಲ್ಲಿ ತಾನು ನೆಟ್ಟ ಹಿಪ್ಪುನೇರಳೆಯ ಬದಿಯಲ್ಲೇ ತನ್ನನ್ನು ಮಲಗಿಸಬೇಕೆಂದು ಅವರೇ ಕೇಳಿಕೊಂಡಿದ್ದರಂತೆ. ಫಾದರ್ ಬಂದು ಪ್ರಾರ್ಥನೆ ಮಾಡಿದರು. ಊರಿನವರೇ ಗುಂಡಿ ತೋಡಿದರು, ನಮ್ಮಪ್ಪನೂ ಒಂದು ಹಿಡಿ ಮಣ್ಣು ಹಾಕಿದ. ಆಮೇಲೆ ಮಾವ ಹಲಸಿನ ಮರದಲ್ಲಿ ಒಂದು ಶಿಲುಬೆ ಮಾಡಿ ಅಲ್ಲಿ ನೆಟ್ಟರು. ಸೊಂಟದೆತ್ತರದ್ದು, ಅಷ್ಟೇ.

ಅದು ಊರಿನ ಕಣ್ಣಿಗೆ ಬೆಳೆಯುತ್ತ ಹೋಯಿತು... ಇವತ್ತು ಶಿಲುಬೆ, ನಾಳೆ ಚರ್ಚು, ನಾಳಿದ್ದು ನಮ್ಮ ಮಕ್ಕಳನ್ನೆಲ್ಲ ಜಾತಿ ಕೆಡಿಸುತ್ತಾನೆ ಎಂದು ಅರಳಿಕಟ್ಟೆಯ ಮೇಲೆ ಮಾತು ಹುಟ್ಟಿತು. ಹುಟ್ಟಿಸಿದವರಲ್ಲಿ ನಮ್ಮಪ್ಪ ಮುಂದಿದ್ದ. ಆ ಎರಡು ಎಕರೆ ನಮ್ಮ ಹೊಲಕ್ಕೆ ಅಂಟಿಕೊಂಡೇ ಇತ್ತು, ಅದರ ಮೇಲೆ ಅವನಿಗೆ ಮೊದಲಿನಿಂದ ಕಣ್ಣು. ಇದನ್ನು ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ನಿಜ.

ಒಂದು ಬೆಳಿಗ್ಗೆ ಅಪ್ಪ ನನ್ನ ಮುಂದೆ ಬಿಳಿ ಹಾಳೆ ಇಟ್ಟ. ಸುತ್ತ ಊರಿನ ನಾಲ್ಕು ಜನ ಯಜಮಾನರು.

"ಬರಿಯವ್ವ. ನಿನ್ನಕ್ಸರ ಚೆಂದಾಗೈತೆ. ಮತಾಂತರ ಮಾಡ್ತಾವ್ನೆ, ಊರ್ನಾಗೆ ಸಾಂತಿ ಕೆಡ್ತಾ ಐತೆ ಅಂತ ಬರಿ."

"ಮಾವ ಯಾರ್ನೂ ಕರ್ದಿಲ್ವಲ್ಲಪ್ಪ" ಎಂದೆ.

"ಟೀಚರ್ ಟ್ರೈನಿಂಗ್‌ಗೆ ಓಗ್ಬೇಕೋ ಬ್ಯಾಡ್ವೋ?"

ಸೋಮವಾರ ನಾನು ಸೇರಬೇಕಿತ್ತು. ಬರೆದೆ. ಪ್ರತಿ ಸಾಲನ್ನೂ ಅಂಚು ಬಿಟ್ಟು, ಒತ್ತು ದೀರ್ಘ ತಪ್ಪದೆ ಬರೆದೆ.

ಸೋಮವಾರ ಬರುವುದರೊಳಗೇ ತಾಲ್ಲೂಕು ಕಚೇರಿಯ ಅಧಿಕಾರಿಯೊಬ್ಬರು ಆ ಅರ್ಜಿ ಹಿಡಿದು ಜೀಪಿನಲ್ಲಿ ಬಂದರು. ಊರೆಲ್ಲ ಹೊಲದ ಬದಿಯಲ್ಲಿ ನೆರೆಯಿತು, ಅಪ್ಪನ ಹಿಂದೆ ನಾನೂ ಇದ್ದೆ. "ಸುಮ್ನೆ ಗಲಾಟೆ ಯಾಕೆ, ಅದೊಂದನ್ನು ತೆಗೆದುಬಿಡಿ" ಎಂದು ಅಧಿಕಾರಿ ಅರ್ಜಿಯನ್ನು ಮಾವನ ಕೈಗೆ ಕೊಟ್ಟರು. ಮಾವ ಎಡಗೈಯಲ್ಲಿ ಹಿಡಿದು ಮೊದಲಿನಿಂದ ಕೊನೆಯವರೆಗೂ ಓದಿದರು. ಸಹಿಗಳನ್ನೂ ಓದಿದರು. ನನ್ನ ಸಹಿ ಅಲ್ಲಿರಲಿಲ್ಲ. ಆಮೇಲೆ ತಲೆಯೆತ್ತಿ, ಅಷ್ಟು ಜನರಲ್ಲಿ ನನ್ನೊಬ್ಬಳನ್ನೇ ನೋಡಿದರು.

"ಅಕ್ಸರ ದುಂಡಗವೆ ಕಣವ್ವ. ಒಂದೂ ತಪ್ಪಿಲ್ಲ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಬಗ್ಗಿ, ಎರಡು ಬೆರಳಿನ ಕೈಯಿಂದಲೇ ಶಿಲುಬೆಯನ್ನು ಅಲುಗಾಡಿಸಿ ಕಿತ್ತರು. ಅಂಟಿದ್ದ ಮಣ್ಣನ್ನು ಪಂಚೆಯಲ್ಲಿ ಒರೆಸಿ ಹೆಗಲ ಮೇಲಿಟ್ಟುಕೊಂಡು ಮನೆಗೆ ನಡೆದರು. ಯಾರೂ ದಾರಿಗೆ ಅಡ್ಡ ನಿಲ್ಲಲಿಲ್ಲ, ಯಾರೂ ಜೊತೆಗೆ ಹೋಗಲಿಲ್ಲ.

ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಲು ಪ್ರತಿ ವರ್ಷದಂತೆ ಅವರನ್ನೇ ಕರೆದರು! ಬೇರೆ ಯಾರಿದ್ದರು ನಮ್ಮೂರಿನಲ್ಲಿ ಸೈನಿಕರು? ಅವರು ಕೋಟಿನ ಮೇಲೆ ಪದಕ ಹಾಕಿಕೊಂಡು ಬಂದರು, ಹಗ್ಗ ಎಳೆದರು, ಸೆಲ್ಯೂಟ್ ಹೊಡೆದರು. ಅರ್ಜಿಗೆ ಹೆಬ್ಬೆಟ್ಟು ಒತ್ತಿದ ನಮ್ಮಪ್ಪನೇ ಹಾರ ಹಾಕಿದ. ರಜಕ್ಕೆ ಬಂದಿದ್ದ ನಾನು ದೂರದಲ್ಲಿ ನಿಂತು ನೋಡಿದೆ. ನಾಚಿಕೆಯಿಂದ ತಲೆ ತಗ್ಗಿಸಿದ ಒಂದು ಮುಖವನ್ನೂ ಕಾಣಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ.

ಮಾವ ಮತ್ತೆ ನನ್ನಿಂದ ಒಂದು ಕಾಗದವನ್ನೂ ಬರೆಸಲಿಲ್ಲ. ಮುಂದಿನ ವರ್ಷ ಜಮೀನು ಮಾರಿ ಚನ್ನಪಟ್ಟಣಕ್ಕೆ ಹೋಗಿ ಬಾಡಿಗೆ ಮನೆ ಹಿಡಿದರು. ಕೊಂಡವನು ನಮ್ಮಪ್ಪ. ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾಗುವ ಹೊತ್ತಿಗೆ ಮಣ್ಣು ಮಾಡಿ ಮೂರು ವಾರ ಕಳೆದಿತ್ತು. ಅಪ್ಪ ಕಾಲವಾದ ಮೇಲೆ ನನ್ನ ತಮ್ಮಂದಿರು ಆ ಹೊಲವನ್ನು ಲೇಔಟಿಗೆ ಕೊಟ್ಟರು. ನನಗೂ ಒಂದು ಪಾಲು ಬಂತು. ಬೇಡ ಎನ್ನಲಿಲ್ಲ...

ಆವತ್ತು ಬಸ್ಸಿಳಿದ ಮೇಲೆ ಅವರಿವರನ್ನು ಕೇಳಿ ಅವರ ಮಗಳ ನಂಬರು ಹುಡುಕಿದೆ. ಮೈಸೂರಿನಲ್ಲಿ ನರ್ಸಾಗಿದ್ದು ನಿವೃತ್ತಳಾಗಿದ್ದಳು. ಫೋನಿನಲ್ಲೇ ಸಂತೋಷದಿಂದ ಅತ್ತಳು, ಮುಂದಿನ ಶನಿವಾರವೇ ಬಂದಳು. ಕಾಫಿ ಕೊಟ್ಟೆ. ಅರ್ಜಿಯ ಸಂಗತಿ ಅವಳೇ ಎತ್ತಿದಳು.

"ಬರೆದೋರು ಯಾರು ಅಂತ ಅಪ್ಪ ಕೊನೇವರ್ಗೂ ಹೇಳ್ಲಿಲ್ಲ ಅಕ್ಕ."

"ನಾನೇ ಬರ್ದಿದ್ದು" ಎಂದೆ.

ಅವಳು ಲೋಟವನ್ನು ಕೆಳಗಿಟ್ಟಳು. "ಗೊತ್ತಿದ್ರೆ ಬತ್ತಿರ್ಲಿಲ್ಲ. ಬಂದಿದ್ದೀನಿ, ನಮ್ಮವ್ವನ ಜಾಗ ತೋರ್ಸಿ."

ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ಹೊರಗೇ ನೋಡುತ್ತಿದ್ದಳು. ಲೇಔಟಿನ ಮೂರನೇ ಅಡ್ಡರಸ್ತೆ, ಹಳೆಯ ಬಾವಿಯಿಂದ ಇಷ್ಟು ಹೆಜ್ಜೆ ಎಂದು ನಾನೇ ನಡೆದು ಲೆಕ್ಕ ಹಾಕಿದೆ. ಅದು ಒಂದು ಹೊಸ ಮನೆಯ ಗೇಟಿನ ಒಳಗೆ, ಕಾರು ನಿಲ್ಲಿಸುವ ಜಾಗಕ್ಕೆ ಬಂತು. ಟೈಲ್ಸು ಹಾಕಿದ್ದರು. ಅವಳು ಗೇಟಿನ ಹೊರಗೆ, ಚರಂಡಿಯ ಕಲ್ಲಿನ ಪಕ್ಕದಲ್ಲೇ ಮೊಣಕಾಲೂರಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ.

ಒಳಗಿನಿಂದ ಯಾರೋ ಹೆಂಗಸು ಬಂದು ಗೇಟಿನ ಮೇಲಿಂದ ಬಗ್ಗಿ, "ಯಾರ್ ಬೇಕಾಗಿತ್ತು?" ಎಂದು ಕೇಳಿದಳು.

"ಯಾರೂ ಇಲ್ಲಮ್ಮ" ಎಂದೆ.